ಹಿಂದಿನ ಚಕ್ರದ ಪಕ್ಕ

ಬಸ್ಸಿನ ಬಣ್ಣದ ಬಗ್ಗೆ ನನಗೆ ಖಾತ್ರಿಯಿಲ್ಲ. ನನ್ನ ನೆನಪಿನಲ್ಲಿ ಅದು ನೀಲಿ. ಆ ಸಂಜೆ ಫೋನಿನಲ್ಲಿ ನಾನು ಅಮ್ಮನಿಗೆ 'ಹಸಿರು ಬಸ್ಸು' ಅಂದೆನಂತೆ. ಮಳೆ ಬಂದು ನಿಂತಿತ್ತೋ, ಬರುವ ಹಾಗಿತ್ತೋ, ಅದೂ ಮಸುಕು. ಅಣ್ಣನ ಪಾದದ ಮೇಲೆ ಚಕ್ರ ಹತ್ತಿದಾಗ ಬಂದ ಸದ್ದು ಮಾತ್ರ ಚೆನ್ನಾಗಿ ನೆನಪಿದೆ ಅಂದುಕೊಂಡಿದ್ದೆ. ಆದರೆ ಎಂಜಿನ್ ಅಷ್ಟು ಅರಚುತ್ತಿರುವಾಗ, ನಾನು ಮುಂದಿನ ಬಾಗಿಲ ಹತ್ತಿರ ನಿಂತಿರುವಾಗ, ಮೂಳೆ ಮುರಿದ ಸದ್ದು ನನಗೆ ಕೇಳಿರಲು ಸಾಧ್ಯವೇ ಇಲ್ಲ. ಅದನ್ನು ಆಮೇಲೆ ನಾನೇ ಮಾಡಿಕೊಂಡಿರಬೇಕು. ಹಾಗೆ ಮಾಡಿಕೊಂಡದ್ದು ಇನ್ನೇನೇನಿದೆಯೋ ಗೊತ್ತಿಲ್ಲ. ನೋಡಿದ್ದು ಯಾವುದು, ಆಮೇಲೆ ಸೇರಿದ್ದು ಯಾವುದು ಅಂತ ಗೊತ್ತಿರುವ ಕಡೆ ಹೇಳುತ್ತೇನೆ.

ಬೆಟ್ಟ ಹತ್ತಲು ಹೋಗುತ್ತಿದ್ದದ್ದು ಮೂವರು: ಅಣ್ಣ, ಅತ್ತಿಗೆ, ಅಣ್ಣನ ತಂಗಿ ನಾನು. ನಾನು ಅಮ್ಮನ ಜೊತೆ ಕುಮಾರಸ್ವಾಮಿ ಲೇಔಟಿನ ಮನೆಯಲ್ಲಿದ್ದೇನೆ, ಅವರಿಬ್ಬರು ಬಿಟಿಎಂನಲ್ಲಿ ಬಾಡಿಗೆಗೆ ಇದ್ದಾರೆ. ಭಾನುವಾರ ಬೆಳಗ್ಗೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಸೇರಿ ಕನಕಪುರದ ಕಡೆಯ ಬಸ್ಸು ಹಿಡಿಯುವುದು, ಅಲ್ಲಿಳಿದು ಇನ್ನೊಂದು ಬಸ್ಸಿನಲ್ಲಿ ಬೆಟ್ಟದ ಬುಡಕ್ಕೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಅಣ್ಣನ ಹತ್ತಿರ ಕಾರಿದೆ. ಬೆಟ್ಟಕ್ಕೆ ಮಾತ್ರ ಅದನ್ನು ತೆಗೆಯುತ್ತಿರಲಿಲ್ಲ. "ಕಾರಲ್ಲಿ ಹೋಗಿ ಬೆಟ್ಟ ಹತ್ತೋದು ಅಂದ್ರೆ ಮದ್ವೆಗೆ ಹೋಗಿ ಊಟ ಪಾರ್ಸೆಲ್ ತಂದಂಗೆ" ಅನ್ನುತ್ತಿದ್ದ. ಬಸ್ಸಿನ ವೇಳೆ, ಯಾವ ಬಸ್ಸು ಎಲ್ಲಿ ಖಾಲಿಯಾಗುತ್ತದೆ, ಯಾವ ಕಡೆ ಬಿಸಿಲು ಬೀಳುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ನನ್ನ ಬ್ಯಾಗು ಭಾರವಾದರೆ ಕೇಳದೆಯೇ ತೆಗೆದುಕೊಂಡು ಹೆಗಲಿಗೆ ಹಾಕಿಕೊಳ್ಳುವವನು ಅವನು. ಅಮ್ಮನ ಕಾಲು ಊದಿದರೆ ಬಿಸಿನೀರಿನ ಬಕೆಟ್ ಹೊತ್ತು ತರುವವನೂ ಅವನೇ. ಇದನ್ನೂ ಹೇಳದೆ ಮುಂದಿನದನ್ನು ಹೇಳಿದರೆ ಸುಳ್ಳಾಗುತ್ತದೆ.

ಅತ್ತಿಗೆ ಹಾವೇರಿ ಕಡೆಯವಳು. ಬಿಟಿಎಂನ ಒಂದು ಆಫೀಸಿಗೆ ಕೆಲಸಕ್ಕೆ ಬಂದು, ಪಿಜಿಯಲ್ಲಿದ್ದು, ಅಣ್ಣನನ್ನು ಮೆಚ್ಚಿ ಮದುವೆಯಾದವಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹಾಗಾಗಿ ಅತ್ತಿಗೆ ಅಂತ ಕರೆದರೂ ನೀನು ಅಂತಲೇ ಮಾತು. "ನಿಮ್ಮಣ್ಣಗ ಬೆಟ್ಟ ಬೇಕಾಗಿಲ್ಲವ್ವಾ, ಬಸ್ಸಿನ್ಯಾಗ ಗುದ್ದಾಡೂದು ಬೇಕು" ಅಂತ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದಳು. ನಾನು ನಕ್ಕಿದ್ದೆ. ಅವಳು ನಕ್ಕಳೋ ಇಲ್ಲವೋ ನೆನಪಿಲ್ಲ.

ಗುದ್ದಾಟವಂತೂ ನಿಜ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಭಾನುವಾರದ ಬಸ್ಸು ಹತ್ತುವುದು ಕುಸ್ತಿಯೇ ಆಗಿತ್ತು. ಬಸ್ಸು ಸ್ಟ್ಯಾಂಡಿಗೆ ತಿರುಗುವ ಮೊದಲೇ ಜನ ಅದರ ಪಕ್ಕ ಓಡುತ್ತಿದ್ದರು. ಟವೆಲ್ಲು, ವೇಲು, ಒಮ್ಮೆ ಮಗುವಿನ ಒಂಟಿ ಚಪ್ಪಲಿ, ಕೈಗೆ ಸಿಕ್ಕಿದ್ದು ಕಿಟಕಿಯಿಂದ ಸೀಟಿನ ಮೇಲೆ ಬೀಳುತ್ತಿತ್ತು. ಇಳಿಯುವವರ ಹೊಟ್ಟೆಗೆ ಹತ್ತುವವರ ತಲೆ ಗುದ್ದುತ್ತಿತ್ತು. ಯಾರದೋ ಗಾಜಿನ ಬಳೆ ಮುರಿದು ನನ್ನ ಮಣಿಕಟ್ಟಿನಲ್ಲಿ ಹೊಕ್ಕದ್ದುಂಟು. ಆ ಗಾಯವನ್ನು ಬೆಟ್ಟದ ಮೇಲೆ ನೋಡಿಕೊಂಡಾಗ ಒಂದು ರೀತಿಯ ಹೆಮ್ಮೆಯೂ ಆಗಿತ್ತು. ಸೀಟು ಹಿಡಿಯಲು ಒಬ್ಬ ಮುದುಕಿಯ ಕೈಯನ್ನು ಕಂಬಿಯಿಂದ ಕಿತ್ತು ಹತ್ತಿದ ಮೇಲೆ ಅವಳಿಗೇ ಸೀಟು ಬಿಟ್ಟುಕೊಟ್ಟು ದೊಡ್ಡವರಾಗುವ ಆಟ ನಮ್ಮೆಲ್ಲರಿಗೂ ಗೊತ್ತಿತ್ತು.

ಆ ಭಾನುವಾರ ಅತ್ತಿಗೆ ಹಿಂದೆ ಬಿದ್ದಳು. ಮೆಟ್ರೋ ಇಳಿದು ಬರುವಾಗ ಚಪ್ಪಲಿಯಲ್ಲೇನೋ ಚುಚ್ಚಿತು ಅಂತ ನಿಂತಳು. ಅಷ್ಟರಲ್ಲಿ ಬಸ್ಸು ಬಂತು. ಅಣ್ಣ ಅವಳ ಮೊಣಕೈ ಮೇಲಿನ ತೋಳನ್ನು ಹಿಡಿದು ಎಳೆದುಕೊಂಡು ಓಡಿದ. ಬಾಗಿಲಲ್ಲಿ ಜನ ಜೇನಿನಂತೆ ಕವಿದಿದ್ದರು. ಅವಳು ಒಂದು ಮೆಟ್ಟಿಲ ಮೇಲೆ ಕಾಲಿಟ್ಟು ತಡವರಿಸಿದಾಗ ಅವನು ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟ. ಅಂಗೈ ಕೊಟ್ಟನೋ ಮುಷ್ಟಿ ಕೊಟ್ಟನೋ? ನಾನು ಅವನ ಹಿಂದೆಯೇ ಇದ್ದೆ, ಮುಷ್ಟಿ ಅಂತ ನೆನಪು. ಅವಳು ಮುಂದಕ್ಕೆ ಬಿದ್ದಳು, ಮೆಟ್ಟಿಲಿನ ತಗಡಿನ ಅಂಚಿಗೆ ಬಾಯಿ ಬಡಿಯಿತು.

ಸೀಟಿನಲ್ಲಿ ಕೂತ ಮೇಲೆ ನೋಡಿದರೆ ಕೆಳತುಟಿ ಸೀಳಿತ್ತು. ಟವೆಲ್ಲು ಒತ್ತಿಕೊಂಡಳು, ಅದು ಕೆಂಪಾಯಿತು.

"ಹತ್ತಿಸ್ದೆ ಕಣೆ, ಇಲ್ದಿದ್ರೆ ಅಲ್ಲೇ ಉಳ್ಕೋತಿದ್ದೆ" ಅಂದ ಅಣ್ಣ.

"ಉಳಕೊಂಡಿದ್ರ ಛಲೋ ಇತ್ತು" ಅಂದಳು ಅವಳು, ಟವೆಲ್ಲಿನ ಒಳಗಿಂದ.

ಎದುರು ನಿಂತಿದ್ದ ಒಬ್ಬ ದಪ್ಪ ಗಂಡಸು, ಸೀಟು ಸಿಗದ ಸಿಟ್ಟಿನಲ್ಲಿ, ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಹೇಳಿದ: "ಫ್ರೀ ಬಿಟ್ಟಿದ್ದೇ ಬಿಟ್ಟಿದ್ದು, ಬೆಟ್ಟ ಗುಡ್ಡಾನೂ ಇವ್ರದ್ದೇ ಆಯ್ತು."

ಅತ್ತಿಗೆ ಟವೆಲ್ಲು ತೆಗೆದು, ರಕ್ತದ ಬಾಯಲ್ಲೇ ಅಂದಳು: "ನಿಮ್ಮ ಮನಿಯವ್ರನ್ನೂ ಕರ್ಕೊಂಡ್ ಬರ್ರಿ ಕಾಕಾ. ಬೆಟ್ಟ ದೊಡ್ಡದೈತಿ, ಎಲ್ಲಾರೂ ಹಿಡಿಸ್ತೀವಿ."

ಸುತ್ತ ನಿಂತ ಹೆಂಗಸರು ಹೋ ಎಂದು ನಕ್ಕರು. ಅಣ್ಣನೂ ನಕ್ಕ, ಹೆಮ್ಮೆಯಿಂದ ಅವಳ ತಲೆಯ ಮೇಲೆ ಮೊಟಕಿದ. ಆ ಮೊಟಕು ಮೆಲ್ಲಗಿತ್ತು. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಪೆಟ್ಟಿಗೂ ಪ್ರೀತಿಗೂ ಅವನ ಕೈ ಒಂದೇ ದೂರ ಹೋಗಿ ಬರುತ್ತಿತ್ತು. ನೋಡುವವರಿಗೆ ಯಾವುದು ಯಾವುದು ಅಂತ ಹೇಳುವುದು ಕಷ್ಟವಾಗುತ್ತಿತ್ತು.

ಬೆಟ್ಟದ ಹೆಸರು ಬೇಡ. ಬಂಡೆಯ ಬೆಟ್ಟ, ಮೇಲೊಂದು ಸಣ್ಣ ಗುಡಿ, ದಾರಿಯುದ್ದಕ್ಕೂ ಕೋತಿಗಳು. ಅರ್ಧ ದಾರಿಯಲ್ಲಿ ಒಂದು ಕೋತಿ ಅತ್ತಿಗೆಯ ಕೈಚೀಲ ಹಿಡಿದು ಜಗ್ಗಿತು. ಅದರಲ್ಲಿ ರೊಟ್ಟಿ ಇತ್ತು. ಅವಳು ಚೀಲ ಬಿಟ್ಟುಬಿಟ್ಟಳು. ಅಣ್ಣ ತನ್ನ ಟ್ರೆಕ್ಕಿಂಗ್ ಕೋಲಿನಿಂದ ಅದರ ಬೆನ್ನಿಗೆ ಬಾರಿಸಿದ. ಕೋತಿ ಚೀಲ ಬಿಡಲಿಲ್ಲ. ಇನ್ನೊಂದು ಬಾರಿಸಿದ. ಅದು ಮಗುವಿನಂತೆ ಕಿರುಚಿ, ಚೀಲ ಬಿಟ್ಟು, ಹಿಂಗಾಲು ಎಳೆಯುತ್ತಾ ಬಂಡೆಯ ಸಂದಿಗೆ ಹೋಯಿತು. ಉಳಿದ ಕೋತಿಗಳು ಮರದಿಂದ ಹಲ್ಲು ಕಿರಿದು ಗದರಿದವು.

"ತಿನ್ನಲಿ ಬಿಡ್ರೀ ಅಂದ್ರ ಕೇಳಂಗಿಲ್ಲ" ಅಂದಳು ಅತ್ತಿಗೆ.

"ಒಂದ್ಸಲ ಬಿಟ್ರೆ ಅಭ್ಯಾಸ ಆಗೋಗತ್ತೆ" ಅಂದ ಅವನು, ಕೋಲಿನ ತುದಿಯನ್ನು ಹುಲ್ಲಿಗೆ ಒರೆಸುತ್ತಾ.

ಆ ರೊಟ್ಟಿಯನ್ನು ನಾವೇ ತಿಂದೆವು. ತುಟಿ ಉರಿಯುತ್ತದೆ ಅಂತ ಅವಳು ಚಟ್ನಿ ಹಚ್ಚಿಕೊಳ್ಳಲಿಲ್ಲ.

ಮುಂದಿನದು ಅದೇ ಬೆಟ್ಟದಲ್ಲಿ ಆದದ್ದೋ ಅದಕ್ಕೆ ಮುಂಚಿನ ಯಾವುದೋ ಬೆಟ್ಟದಲ್ಲೋ ಅನ್ನುವುದು ನನಗೆ ತೀರ್ಮಾನವಾಗಿಲ್ಲ. ಒಂದು ಬಂಡೆಯ ಮರೆಯಲ್ಲಿ ಅವಳು ಬೆವರಿದ ಮೇಲಂಗಿ ಬದಲಿಸುತ್ತಿದ್ದಳು, ನಾನು ವೇಲು ಅಡ್ಡ ಹಿಡಿದು ನಿಂತಿದ್ದೆ. ತೋಳಿನ ಒಳಭಾಗದಲ್ಲಿ ಬೆರಳುಗಳ ಗುರುತು ಸಾಲಾಗಿತ್ತು. ಹೊಸದಲ್ಲ, ಅರಿಸಿನ ಬಣ್ಣಕ್ಕೆ ತಿರುಗಿದ ಹಳೆಯ ಗುರುತು.

"ಏನಿದು?"

"ಬೆಟ್ಟದಾಗ ಬಿದ್ನಲ್ಲ."

"ಯಾವ ಬೆಟ್ಟ?"

"ಹೋದ ವಾರದ್ದು."

ಹೋದ ವಾರ ನಾವು ಎಲ್ಲಿಗೂ ಹೋಗಿರಲಿಲ್ಲ. ಅದು ನನಗೂ ಗೊತ್ತಿತ್ತು, ನನಗೆ ಗೊತ್ತಿದೆ ಅಂತ ಅವಳಿಗೂ ಗೊತ್ತಿತ್ತು. ಅಷ್ಟರಲ್ಲಿ ಅಣ್ಣ ಕೆಳಗಿನಿಂದ ಕೂಗಿದ, ಬಸ್ಸು ಹೋಗ್ಬಿಡತ್ತೆ ಅಂತ. ಅವನ ಎಲ್ಲ ಕೂಗುಗಳೂ ಕೊನೆಗೆ ಅದಕ್ಕೇ ಬಂದು ನಿಲ್ಲುತ್ತಿದ್ದವು.

ಬೆಟ್ಟದ ಬುಡದಲ್ಲಿ ಒಂದು ಹುಣಸೆಮರ, ಒಂದು ಟೀ ಅಂಗಡಿ, ಅಲ್ಲಿಗೆ ರಸ್ತೆ ಮುಗಿಯುತ್ತದೆ. ಊರಿನ ಪ್ರೈವೇಟ್ ಬಸ್ಸು ಅಲ್ಲಿಗೆ ಬಂದು, ಮರದ ಹತ್ತಿರ ರಿವರ್ಸ್ ತೆಗೆದು, ತಿರುಗಿ ಹೋಗಬೇಕು. ಅದು ತಪ್ಪಿದರೆ ಹೆದ್ದಾರಿಯವರೆಗೆ ನಡಿಗೆ. ನಾವು ಇಳಿದು ಬರುವಾಗ ಬಸ್ಸು ನಿಂತಿತ್ತು, ಇನ್ನೂ ತಿರುಗಿಸಿರಲಿಲ್ಲ. ಅತ್ತಿಗೆ ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿಗೆ ಟವೆಲ್ಲು ಹಾಕಿ ಕಿಟಕಿಯ ಪಕ್ಕ ಕೂತಳು. ನಾನು ಮುಂದಿನ ಬಾಗಿಲಿನಿಂದ ಹತ್ತಿದೆ, ಒಳಗೆ ಬ್ಯಾಗು ಹೊತ್ತ ಹುಡುಗರ ಗುಂಪೊಂದು ದಾರಿ ಕಟ್ಟಿದ್ದರಿಂದ ಡ್ರೈವರ್ ಹತ್ತಿರವೇ ಸಿಕ್ಕಿಕೊಂಡೆ. ಅಣ್ಣ ಹೊರಗೇ ಉಳಿದ. ಅವನ ಶೂಗೆ ಕೆಸರು ಮೆತ್ತಿತ್ತು. (ಕೆಸರಿತ್ತು ಅಂದರೆ ಮಳೆ ಬಂದಿರಬೇಕು.) ಹಿಂದಿನ ಚಕ್ರದ ಪಕ್ಕ ಬಸ್ಸಿಗೆ ಒರಗಿ, ಒಂದು ಶೂ ಬಿಚ್ಚಿ ಟೈರಿಗೆ ಬಡಿಯುತ್ತಿದ್ದ. ಇದನ್ನು ನಾನು ಹತ್ತುವ ಮೊದಲು ಕಣ್ಣಾರೆ ನೋಡಿದ್ದೆ.

ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಬರ್ಲಿ ಬರ್ಲಿ ಅನ್ನಬೇಕಾದ ಕ್ಲೀನರ್ ಟೀ ಅಂಗಡಿಯಲ್ಲಿದ್ದ. ಡ್ರೈವರ್, ಅಪ್ಪನ ವಯಸ್ಸಿನವನು, ಹಾರ್ನ್ ಮಾಡಿದ. ಗೇರು ಹಾಕಿ, ಕತ್ತು ಹಿಂದೆ ತಿರುಗಿಸಿ, "ಹಿಂದ್ಗಡೆ ನೋಡ್ರಪ್ಪಾ" ಅಂದ. ಹುಡುಗರು ಏನೋ ಹಾಡುತ್ತಿದ್ದರು.

ಆಗ ಹಿಂದಿನಿಂದ ಅತ್ತಿಗೆಯ ದನಿ ಬಂತು. "ಸರಿ! ಸರಿ ಸರಿ ಸರಿ!"

ಬಸ್ಸು ಹಿಂದಕ್ಕೆ ಹೋಯಿತು.

ಅಣ್ಣನ ಕೂಗು ನಾನು ಅದುವರೆಗೆ ಅವನಿಂದ ಕೇಳಿದ ಯಾವ ಕೂಗಿನ ಹಾಗೂ ಇರಲಿಲ್ಲ. ಡ್ರೈವರ್ ಬ್ರೇಕ್ ಒತ್ತಿದ. ಅದೇ ತಪ್ಪಾಯಿತು, ಚಕ್ರ ಪಾದದ ಮೇಲೆಯೇ ನಿಂತಿತು. ಹೊರಗಿನವರು ಮುಂದೆ ಮುಂದೆ ಅಂತ ಅರಚಿದರು. ಕೆಲವರು ಹಿಂದೆ ಅಂದರು. ಯಾವುದು ಸರಿ ಅಂತ ತಿಳಿಯದೆ ಡ್ರೈವರ್ ಕ್ಲಚ್ಚಿನ ಮೇಲೆ ಕಾಲಿಟ್ಟು ಒಂದು ಕ್ಷಣ ಕೂತೇ ಬಿಟ್ಟ. ಆಮೇಲೆ ಮುಂದಕ್ಕೆ ತೆಗೆದ. ನಾನು ಇಳಿದು ಹೋದಾಗ ಅಣ್ಣ ಕೆಂಪು ಮಣ್ಣಿನಲ್ಲಿ ಕೂತು ತನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಅದು ಬೇರೆ ಯಾರದೋ ಎನ್ನುವ ಹಾಗೆ ನೋಡುತ್ತಿದ್ದ. ಪಾದದ ಮುಂಭಾಗ ಇರಲಿಲ್ಲ ಅನ್ನಲಾರೆ. ಇತ್ತು, ಆದರೆ ಪಾದದ ಆಕಾರದಲ್ಲಿರಲಿಲ್ಲ.

ಆಮೇಲೆ ಹೊಡೆತ ಶುರುವಾಯಿತು. "ಇಳಿಸ್ ಮಗಾ ಅವನ್ನ!" ಅಂತ ಒಬ್ಬ ಹುಡುಗ ಕೂಗಿದ್ದಷ್ಟೇ. ಡ್ರೈವರನ್ನು ಅವನ ಬಾಗಿಲಿನಿಂದಲೇ ಕಾಲು ಹಿಡಿದು ಎಳೆದರು. ಅವನ ತಲೆ ಮೆಟ್ಟಿಲಿಗೆ ಬಡಿದು ಕೆಳಗೆ ಬಂತು. ಹಾಡುತ್ತಿದ್ದ ಹುಡುಗರೇ ಒದೆಯುತ್ತಿದ್ದರು, ಬೆಟ್ಟ ಹತ್ತುವ ದಪ್ಪ ಶೂಗಳಲ್ಲಿ.

"ಕುಡ್ದಿದಾನೆ ಗುರು, ವಾಸ್ನೆ ನೋಡು!"

ನಾನು ಅವನ ಪಕ್ಕದಲ್ಲೇ ನಿಂತಿದ್ದವಳು. ಎಲೆಅಡಿಕೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಹಾಗಂತ ಕೂಗಿದೆ. ಯಾರದೋ ಮೊಣಕೈ ನನ್ನ ಕೆನ್ನೆಗೆ ಬಡಿದು ಬಾಯೊಳಗೆ ಉಪ್ಪಾಯಿತು. ಯಾರೋ ಅಣ್ಣನ ಕೋಲು ಎತ್ತಿಕೊಂಡಿದ್ದರು. ಅದು ಎರಡೋ ಮೂರೋ ಸಲ ಮೇಲೆ ಹೋಗಿ ಬಂದದ್ದನ್ನು ನೋಡಿದೆ. ಡ್ರೈವರ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಮಣ್ಣಿನಲ್ಲಿ ಉರುಳುತ್ತಾ ಒಂದೇ ಮಾತು ಹೇಳುತ್ತಿದ್ದ.

"ಅಮ್ಮ ಸರಿ ಅಂದ್ರು ಸಾರ್! ಹಿಂದ್ಗಡೆಯಿಂದ ಅಮ್ಮ ಸರಿ ಅಂದ್ರು!"

"ಥೂ, ಹೆಂಗಸ್ರ ಮೇಲೆ ಹಾಕ್ತೀಯೇನೋ!" ಅಂದ ಒಬ್ಬ, ಮತ್ತು ಅದಕ್ಕಾಗಿಯೇ ಬೇರೆಯಾಗಿ ಒಂದು ಒದ್ದ.

ಅತ್ತಿಗೆ ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ನಿಂತಿದ್ದಳು. ಇಳಿದಿರಲಿಲ್ಲ. ಗಂಡನ ಕಡೆ ನೋಡುತ್ತಿದ್ದಳೋ ಡ್ರೈವರ್ ಕಡೆಯೋ ತಿಳಿಯಲಿಲ್ಲ. ತುಟಿಯ ಗಾಯ ಮತ್ತೆ ಬಿರಿದು ಗಲ್ಲಕ್ಕೆ ರಕ್ತ ಇಳಿದಿತ್ತು. ನಾನೇ ಹೋಗಿ ಕೈ ಹಿಡಿದು ಇಳಿಸಿದೆ. ಟೀ ಅಂಗಡಿಯ ಹೆಂಗಸು ಬಿಸಿನೀರಿನ ಪಾತ್ರೆ ಎತ್ತಿ, "ಸುರಿದ್ಬಿಡ್ತೀನಿ, ದೂರ ಹೋಗ್ರೋ, ಅವನು ಸತ್ರೆ ನಿಮ್ಮಪ್ಪ ಬರ್ತಾನಾ ಜೈಲಿಗೆ?" ಅಂತ ಗುಂಪಿಗೆ ನುಗ್ಗಿದ ಮೇಲೆ ಹೊಡೆತ ನಿಂತಿತು.

ತಾಲೂಕು ಆಸ್ಪತ್ರೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಜಯನಗರದ ಒಂದು ಆಸ್ಪತ್ರೆ. ಹೆಬ್ಬೆರಳು ಸೇರಿ ಕೆಲವು ಬೆರಳುಗಳನ್ನೂ ಅಂಗಾಲಿನ ಒಂದಷ್ಟನ್ನೂ ತೆಗೆದರು. ಪೊಲೀಸರು ಬಂದು ಕೇಳಿದಾಗ ಅತ್ತಿಗೆ ಹೇಳಿದ್ದು ಇಷ್ಟು: "ನಾ ಏನೂ ಕೂಗಿಲ್ರೀ. ನಾ ಸೀಟ್ ಹಿಡಿದು ಕುಂತಿದ್ದೆ." ಆಮೇಲೆ ಅಣ್ಣನನ್ನು ಕೇಳಿದರು. ತನಗೆ ಎಂಜಿನ್ ಸದ್ದು ಬಿಟ್ಟು ಏನೂ ಕೇಳಲಿಲ್ಲ ಅಂದ. "ಅವ್ಳು ಕೂಗಿದ್ರೆ ನಾನು ಜರುಗ್ತಿರ್ಲಿಲ್ವಾ ಸಾರ್?" ನಾನು ನಮ್ಮ ಅತ್ತಿಗೆಯ ದನಿ ಕೇಳಿದೆ ಅಂದೆ. ಆ ಪೊಲೀಸಿನವರು ನನ್ನ ಊದಿದ ಕೆನ್ನೆ ನೋಡಿ, "ನೀವೂ ಗಾಬರಿಯಲ್ಲಿದ್ರಿ ಮೇಡಂ" ಅಂದರು. ಹೌದು, ಗಾಬರಿಯಲ್ಲಿದ್ದೆ.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅಡುಗೆಮನೆಯಲ್ಲಿ ಕುದಿಯುವ ಸಾರಿನ ಪಾತ್ರೆ ಹಿಡಿದು ತಿರುಗಿದಳು, ಹಿಂದೆ ಅಮ್ಮ ನಿಂತಿದ್ದರು. "ಸರೀರಿ, ಸರೀರಿ!" ಅಂದಳು. ಅಮ್ಮ ನಿಂತಲ್ಲೇ ನಿಂತು, "ಏನಮ್ಮಾ ಸರಿ?" ಅಂದರು. ಸಾರು ಅಮ್ಮನ ಕೈ ಮೇಲೆ ಬಿತ್ತು, ಆ ಕಲೆ ಇನ್ನೂ ಇದೆ. ಅವಳ ಊರಲ್ಲಿ ಸರಿ ಅಂದರೆ ಪಕ್ಕಕ್ಕೆ ಹೋಗು. ಹಿಂದೆ ಸರಿ, ಮುಂದೆ ಸರಿ ಅಂತ ನಾವೂ ಪುಸ್ತಕದಲ್ಲಿ ಬರೆಯುತ್ತೇವೆ, ಬಾಯಲ್ಲಿ ಮಾತ್ರ ನಮಗೆ ಜರುಗು, ಸೈಡ್ ಬಿಡು. ಸರಿ ಅಂದರೆ ನಮಗೆ ಆಯ್ತು, ಓಕೆ, ಮಾಡು. ಅಮ್ಮನ ಕೈ ಸುಟ್ಟ ಮೇಲೆ ಅತ್ತಿಗೆ ನಮ್ಮ ಜೊತೆ ಜರುಗಿ ಅನ್ನುವುದನ್ನು ರೂಢಿಸಿಕೊಂಡಳು. ನಮ್ಮ ಸರಿಯನ್ನೂ ಕಲಿತಳು. ಆಫೀಸಿನ ಫೋನಿನಲ್ಲಿ ಅವಳು ಸರಿ ಸರಿ ಅನ್ನುವುದು ಪಕ್ಕಾ ಬೆಂಗಳೂರಿನ ಸರಿ. ಭಯವಾದಾಗ, ನೋವಾದಾಗ, ನಿದ್ದೆಗಣ್ಣಿನಲ್ಲಿ ಯಾವ ಸರಿ ಬರುತ್ತದೋ ನನಗೆ ಗೊತ್ತಿಲ್ಲ.

ಮೊದಲಿಗೆ ನನಗೆ ಇದು ನಿಚ್ಚಳವಾಗಿತ್ತು. ಅವಳು ಕಿಟಕಿಯಿಂದ ಗಂಡನನ್ನು ನೋಡಿದಳು, ಸರಿ ಅಂದರೆ ದೂರ ಹೋಗು ಅಂತ ಅವನಿಗೆ ಕೂಗಿದಳು. ಡ್ರೈವರ್ ಕನಕಪುರದ ಕಡೆಯವನು, ಸರಿ ಅಂದರೆ ಬರ್ಲಿ ಅಂತ ಅವನಿಗೆ ಕೇಳಿತು. ಅಷ್ಟೇ. ಯಾರ ತಪ್ಪೂ ಅಲ್ಲ, ಒಂದು ಪದ ಎರಡು ಕಡೆ ಹೋಯಿತು. ಎಂ.ಎ.ಯಲ್ಲಿ ಓದಿದ ಭಾಷಾವಿಜ್ಞಾನ ಇಷ್ಟು ರಕ್ತದ ನಡುವೆಯೂ ನನ್ನನ್ನು ಸಮಾಧಾನ ಮಾಡಿತು.

ಆದರೆ ಅವಳು ಕೂಗೇ ಇಲ್ಲ ಅಂದದ್ದು ಯಾಕೆ? ಗಂಡನನ್ನು ಉಳಿಸಲು ಕೂಗಿದವಳು ಅದನ್ನು ಮುಚ್ಚಿಡುವುದು ಯಾತಕ್ಕೆ? ಇದನ್ನು ಯೋಚಿಸುತ್ತಾ ಒಂದು ದಿನ ಯಡಿಯೂರು ಕೆರೆಯ ಸುತ್ತ ನಡೆಯುತ್ತಿದ್ದಾಗ ನನಗೆ ಅವಳ ಮುಖ ಕಂಡಿತು. ಕೂಗುವಾಗಿನ ಮುಖ. ಹುಡುಗರ ಬ್ಯಾಗುಗಳ ಸಂದಿಯಿಂದ, ಬಸ್ಸಿನ ಆ ತುದಿಯಿಂದ, ಪೂರ್ತಿ ಮುಖ, ಸೀಳಿದ ತುಟಿ. ಮುಖ ಕಂಡಿತು ಅಂದರೆ ಅವಳು ಕಿಟಕಿಯ ಕಡೆ ತಿರುಗಿರಲಿಲ್ಲ. ನನ್ನ ಕಡೆ, ಅಂದರೆ ಡ್ರೈವರ್ ಕಡೆ ತಿರುಗಿದ್ದಳು. ಅಲ್ಲಿಯೇ ಕೆರೆಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ಇದು ನೋಡಿದ್ದೋ, ಸೇರಿಸಿಕೊಂಡದ್ದೋ? ಆಮೇಲೆ ಅವಳು ಮೆಟ್ಟಿಲ ಮೇಲೆ ನಿಂತಿದ್ದಾಗಿನ ಮುಖವನ್ನು ತಂದು ಇಲ್ಲಿ ಅಂಟಿಸಿಕೊಂಡಿರಬಹುದು. ಕಿಟಕಿಯಲ್ಲಿ ನೋಡಿ, ಗಾಬರಿಯಿಂದ ಡ್ರೈವರ್ ಕಡೆ ತಿರುಗಿ, ನಿಲ್ಲಿಸು ಅನ್ನುವ ಬದಲು ಬಾಯಿಗೆ ಬಂದ ಪದ ಕೂಗಿರಬಹುದು. ಎರಡೂ ಆಗಬಹುದು. ಮೂರನೆಯದೂ ಆಗಬಹುದು.

ಡ್ರೈವರ್ ನನಗೆ ಫೋನ್ ಮಾಡಿದ. ನಂಬರ್ ಟೀ ಅಂಗಡಿಯ ಹೆಂಗಸಿಗೆ ನಾನೇ ಕೊಟ್ಟು ಬಂದಿದ್ದೆ. ಒಂದು ಕಿವಿ ಪೂರ್ತಿ ಹೋಗಿದೆಯಂತೆ. ಕೆಲಸವೂ ಹೋಗಿದೆ. ಕೇಸು ನಡೆಯುತ್ತಿದೆ, ಅಜಾಗರೂಕ ಚಾಲನೆ ಅಂತ. ಶಿಕ್ಷೆಯಾದರೆ ಇನ್ನು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ.

"ನಂದು ಒಂದೇ ಒಂದು ಮೇಡಂ. ಸರಿ ಅಂತ ಕೇಳ್ತೋ ಇಲ್ವೋ ನಿಮ್ಗೆ? ನಮ್ಮ ಮನೆಯವ್ಳೇ ನಂಬಲ್ಲ. ಕಿವಿ ಆವಾಗ್ಲೇ ಹೋಗಿತ್ತೇನೋ ನಿಂಗೆ ಅಂತಾಳೆ."

"ಕೇಳ್ತು" ಅಂದೆ.

ಅವನು ಮೂಗು ಎಳೆದುಕೊಂಡ ಸದ್ದು ಬಂತು. "ಅಷ್ಟನ್ನ ಬಂದು ಹೇಳ್ತೀರಾ?"

ಹೇಳುತ್ತೇನೆ ಅಂದೆ. ಹೇಳಲೇಬೇಕು, ಅವನ ಮೇಲೆ ಬಿದ್ದ ಒಂದೊಂದು ಒದೆಯನ್ನೂ ನಾನು ಕಂಡಿದ್ದೇನೆ. ಅವನ ವಕೀಲರು ನನ್ನನ್ನು ಕರೆಸಿಕೊಂಡು ಮಾತಾಡಿದರು. ಪದ ಎರಡು ಕಡೆ ಹೋದ ಕಥೆ ಅವರಿಗೆ ಬಹಳ ಇಷ್ಟವಾಯಿತು. ಆದರೆ ಎದುರಿನವರು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ, ಅದಕ್ಕೆ ತಯಾರಾಗಿರಿ ಅಂದರು: ಆಕೆ ಯಾವ ಕಡೆ ಮುಖ ಮಾಡಿ ಕೂಗಿದರು? ಹೊರಗೆ ಅಂದರೆ ಅದು ಮಾತಿನ ಗೊಂದಲ, ಡ್ರೈವರೂ ಉಳಿಯುತ್ತಾನೆ, ಆಕೆಯೂ ಉಳಿಯುತ್ತಾರೆ. ಒಳಗೆ ಅಂದರೆ, ಗಂಡ ಚಕ್ರದ ಪಕ್ಕ ಇದ್ದದ್ದು ಆಕೆಗೆ ಗೊತ್ತಿತ್ತೇ ಅಂತ ಕೇಳುತ್ತಾರೆ. "ಆಗ ಇದು ಬೇರೆಯೇ ಕೇಸ್ ಆಗುತ್ತೆ. ನಿಮ್ಮ ಮನೆಯದು" ಅಂದರು.

ಅಣ್ಣನ ಮನೆಯ ಹೊಡೆತ ನಿಂತಿಲ್ಲ, ರೂಪ ಬದಲಾಗಿದೆ. ಈಗ ಅವನು ಎಸೆಯುತ್ತಾನೆ. ಸ್ಟೀಲ್ ಲೋಟ, ರಿಮೋಟು, ಒಮ್ಮೆ ಊರುಗೋಲು. ಗೋಡೆಯ ಸುಣ್ಣ ಒಂದು ಕಡೆ ಕಿತ್ತು ಬಂದಿದೆ. ಊರುಗೋಲಿನ ಉದ್ದ ಎಷ್ಟು ಅಂತ ಅತ್ತಿಗೆಗೆ ಗೊತ್ತಾಗಿದೆ. ಅದರಾಚೆ ನಿಂತು ಕಾಫಿ ಲೋಟವನ್ನು ಟೀಪಾಯಿಯ ಮೇಲೆ ಮುಂದಕ್ಕೆ ತಳ್ಳುತ್ತಾಳೆ. ನಾನು ಒಮ್ಮೆ ಊರುಗೋಲು ಕಿತ್ತುಕೊಂಡು ಅವನ ಮೇಲೆಯೇ ಎತ್ತಿದೆ. ಅವನು ನಕ್ಕ, "ಹೊಡಿ, ಇನ್ನೊಂದ್ ಕಾಲಿದೆ" ಅಂದ. ಕೈ ಇಳಿಸುವುದು ನನಗೆ ಕಷ್ಟವಾಯಿತು. ನಮ್ಮ ಮನೆಗೆ ಬಂದಿರು ಅಂತ ಅತ್ತಿಗೆಯನ್ನು ಅಮ್ಮನೂ ಕರೆದರು, ನಾನೂ ಕರೆದೆ. "ಅವ್ರನ್ನ ಯಾರ ನೋಡ್ಕೋಬೇಕು?" ಅನ್ನುತ್ತಾಳೆ. ಅದು ಕರುಣೆಯ ಮಾತೋ, ಲೆಕ್ಕ ತೀರಿಸುವ ಮಾತೋ, ಅಥವಾ ಕಾವಲಿನ ಮಾತೋ.

ಕೋರ್ಟಿನಿಂದ ನನಗೂ ಅವಳಿಗೂ ಕರೆ ಬಂದ ವಾರ, ಜಯನಗರದ ಔಷಧಿ ಅಂಗಡಿಯಿಂದ ಅಣ್ಣನ ಮಾತ್ರೆ ತೆಗೆದುಕೊಂಡು ನಾವಿಬ್ಬರೂ ಬಿಟಿಎಂ ಬಸ್ಸು ಹತ್ತಿದೆವು. ಮಧ್ಯಾಹ್ನ. ಬಸ್ಸು ಅರ್ಧ ಖಾಲಿ, ಗುದ್ದಾಟವಿಲ್ಲದೆ ಸೀಟು ಸಿಕ್ಕಿತು. ಅವಳು ಕಿಟಕಿಯ ಪಕ್ಕ ಕೂತಳು.

"ಡ್ರೈವರ್ ಫೋನ್ ಮಾಡಿದ್ದ" ಅಂದೆ. "ಈ ಕೇಸಲ್ಲಿ ಶಿಕ್ಷೆಯಾದ್ರೆ ಅವನ ಬದುಕೇ ಹೋಗತ್ತೆ. ನೀನು ಕೂಗಿದೆ ಅಂತ ಒಪ್ಕೊಂಡ್ರೆ ಸಾಕು."

"ನಾ ಒಪ್ಪಿದ್ರ ನಿಮ್ಮಣ್ಣ ಏನಂತಾನ, ಗೊತ್ತೈತೇನು?" ಅಂದಳು.

"ಗೊತ್ತು."

"ಇಲ್ಲ, ನಿನಗ ಗೊತ್ತಿಲ್ಲ." ಆಮೇಲೆ ಅವಳೇ ಕೇಳಿದಳು: "ಆ ಮನಷ್ಯಾಗ ಕಿವಿ ಪೂರಾ ಹೋಗೇತೇನು?"

"ಒಂದು ಕಿವಿ."

ತಲೆಯಾಡಿಸಿದಳು. ಔಷಧಿಯ ಕವರನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಎಂಜಿನ್ ಆಫ್ ಆಯಿತು, ಅಷ್ಟು ನಿಶ್ಶಬ್ದ ಈ ಊರಿನ ಬಸ್ಸಿನಲ್ಲಿ ಅಪರೂಪ. ಯಾವ ಉತ್ತರ ಬಂದರೂ ಕೋರ್ಟಿನಲ್ಲಿ ಏನು ಹೇಳಬೇಕು ಅನ್ನುವುದನ್ನು ನಾನಿನ್ನೂ ತೀರ್ಮಾನಿಸಿರಲಿಲ್ಲ. ಸುಳ್ಳು ಹೇಳಲು ತಯಾರಿದ್ದೆ, ಯಾವ ಸುಳ್ಳು ಅಂತ ಮಾತ್ರ ಗೊತ್ತಾಗಬೇಕಿತ್ತು. ಅವಳ ಕಡೆ ನೋಡದೆ, ಮುಂದಿನ ಸೀಟಿನ ಕಂಬಿ ನೋಡುತ್ತಾ ಕೇಳಿದೆ:

"ಅವತ್ತು ನೀನು ಸರಿ ಅಂದದ್ದು ಯಾರಿಗೆ?"